ಏಳುನೂರ ನಲವತ್ತು ವಾಟ್

ದೀಪ ಸಣ್ಣಗೆ ಮಾಡಿ, ಹೇಳ್ತೀನಿ. ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನನ್ನ ಸ್ವಂತ ಅಕ್ಕ-ಭಾವನಿಗೆ ಆಗಿದ್ದು.

ರಾತ್ರಿ ಹತ್ತೂವರೆ. ಭಾವ ಟಾರ್ಚ್ ಹಿಡಿದು ರಸ್ತೆ ತನಕ ಹೋಗಿ, ಮೊಬೈಲಿಗೆ ಸಿಗ್ನಲ್ ಸಿಗದೆ, ಹಾಳು ಬಾವಿ ಪಕ್ಕ ಹಾದು, ಪ್ರವಾಸದಲ್ಲಿ ರಾತ್ರಿ ಮಲಗೋಕೆ ನಿಲ್ಲಿಸಿದ್ದ ವ್ಯಾನಿಗೆ ವಾಪಸ್ ಬರ್ತಿದ್ದರು. ಬಾವಿಕಟ್ಟೆ ಮೇಲೆ ತುಕ್ಕು ಹಿಡಿದ ಪಂಪು. ಅದರ ವೈರು ಗೇಣುದ್ದಕ್ಕೆ ತುಂಡಾಗಿ ನೇತಾಡ್ತಿತ್ತು. ಸುತ್ತ ಕರೆಂಟ್ ಕಂಬವೇ ಇಲ್ಲದ ಬಯಲು.

ಭಾವ ಬಡಗಿ. ಸರಕು ಸಾಗಿಸೋ ಹಳೇ ವ್ಯಾನ್ ತಗೊಂಡು, ಹಿಂದೆ ತಾವೇ ಮಂಚ, ಕಪಾಟು ಕೂರಿಸಿದ್ದರು. ಹಿಂದಿನಿಂದ ಡ್ರೈವರ್ ಸೀಟಿಗೆ ದಾರಿ ಇಲ್ಲ. ಕಿಟಕಿ ಇಲ್ಲ. ಒಂದು ಜಾರುಬಾಗಿಲು, ಮೇಲೆ ತಗಡು ಕೊರೆದು ಕೂರಿಸಿದ ಒಂದು ಫ್ಯಾನು, ಅಷ್ಟೇ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಹತ್ತು ದಿನದ ಪ್ರಯಾಣ, ಸುಡುಬಿಸಿಲು... ಇನ್ಸುಲಿನ್‌ಗೆ ಪುಟ್ಟ ಫ್ರಿಜ್ ಬೇಕೇ ಬೇಕು. ಅದಕ್ಕೆ ಕರೆಂಟ್ ಎಲ್ಲಿಂದ? ಇದಕ್ಕೇ ಮನೇಲಿ ಒಂದು ತಿಂಗಳು ಜಟಾಪಟಿ. ನಾನು ಜನರೇಟರ್ ಅಂದೆ.

"ಅದರ ಸದ್ದಿಗೆ ನಿದ್ದೆ ಬಂದ ಹಾಗೇ ಇದೆ ಕಣೋ. ಹೊಗೆ ಬೇರೆ" ಅಂದರು ಭಾವ.

ಬರೀ ಸೋಲಾರ್ ಸಾಕು ಅಂದಳು ಅಕ್ಕ.

"ರಾತ್ರಿ ಬಿಸಿಲು ನಿಮ್ಮಪ್ಪ ಕಳಿಸಿಕೊಡ್ತಾರಾ?"

ಕೊನೆಗೆ ಫ್ರಿಜ್ಜಿಗೆಷ್ಟು, ಫ್ಯಾನಿಗೆಷ್ಟು ಅಂತ ಕೂತು ನೋಡಿ, ಸದ್ದಿಲ್ಲದ ಬ್ಯಾಟರಿ ಪೆಟ್ಟಿಗೆ ಆರಿಸಿದರು. ಹಗಲು ಸೋಲಾರ್‌ನಿಂದ ತುಂಬಿಸೋದು, ರಾತ್ರಿ ಬಳಸೋದು. ಎಷ್ಟು ವಾಟ್ ಹೋಗ್ತಿದೆ, ಎಷ್ಟು ಚಾರ್ಜ್ ಉಳಿದಿದೆ, ಎರಡನ್ನೂ ಮುಂದೆ ತೋರಿಸುತ್ತೆ.

ಅವತ್ತು ರಾತ್ರಿ ಭಾವ ವ್ಯಾನಿಗೆ ಬಂದಾಗ ಐವತ್ಮೂರು ವಾಟ್ ತೋರಿಸ್ತಿತ್ತು. ಎಂಬತ್ತು ಪರ್ಸೆಂಟ್ ಚಾರ್ಜ್. ಭಾವ ಬಾಗಿಲೆಳೆದು ಮಲಗಿದರು.

ರಾತ್ರಿ ಒಂದು ಗಂಟೆ ಹೊತ್ತಿಗೆ... ಟಕ್.

ಆಮೇಲೆ ಘುರ್‌ರ್‌ರ್... ಪಂಪಿನ ಸದ್ದು. ತಲೆ ಮೇಲೆ ಫ್ಯಾನು ನಿಂತುಹೋಯ್ತು.

"ರೀ..." ಅಕ್ಕ ಪಿಸುಗುಟ್ಟಿದಳು. "ಅಲ್ಲಿ ಕರೆಂಟೇ ಇಲ್ವಲ್ಲ?"

ಭಾವ ಪೆಟ್ಟಿಗೆ ಕಡೆ ನೋಡಿದರು. ಏಳುನೂರ ನಲವತ್ತು.

ಫ್ರಿಜ್ಜಿನ ಪ್ಲಗ್ ಕಿತ್ತರು. ಫ್ಯಾನಿಂದೂ ಕಿತ್ತರು. ಏಳುನೂರ ನಲವತ್ತು. ಬಟನ್ ಒತ್ತಿ ಹಿಡಿದರು, ಆಫ್ ಆಗಲಿಲ್ಲ. ಎಪ್ಪತ್ತಿದ್ದ ಚಾರ್ಜ್ ಅರವತ್ತಾಯ್ತು.

"ಬಾಗಿಲು ತೆಗೀರಿ."

ಹಿಡಿ ಎಳೆದರು. ಜಗ್ಗಲಿಲ್ಲ. ಒದ್ದರು. ತಗಡು ಧಡ್ ಅಂತು, ಅಷ್ಟೇ. ಭಾವ ಕೈ ಸಡಿಲಿಸಿದರೆ ಹಿಡಿಯೂ ಸಡಿಲ... ಎಳೆದರೆ ಆಚೆಯಿಂದಲೂ ಬಿಗಿ.

"ಯಾರೋ ಹಿಡ್ಕೊಂಡಿದಾರೆ ಕಣೇ..."

ಐವತ್ತು. ಮೂವತ್ತೈದು. ಒಳಗೆ ಗಾಳಿ ಇಲ್ಲ. ಬೆವರು ಕಣ್ಣಿಗಿಳೀತಿದೆ, ಉಸಿರು ಎಳೆದಷ್ಟೂ ಸಾಲದು. ಅಕ್ಕ ಕುಡಿಯೋ ನೀರಲ್ಲಿ ಟವೆಲ್ ನೆನೆಸಿ ಇನ್ಸುಲಿನ್ ಸುತ್ತಿಟ್ಟಳು. ಭಾವ ಫ್ಯಾನಿನ ಸ್ಕ್ರೂ ಬಿಚ್ಚೋಕೆ ಹೋದರೆ ಬೆವರಿದ ಕೈಯಿಂದ ಸ್ಕ್ರೂಡ್ರೈವರ್ ಜಾರಿ, ಠಣ್ ಅಂತ ಮಂಚದ ಸಂದಿಗೆ ಬಿತ್ತು. ಸಿಗಲೇ ಇಲ್ಲ.

ಹದಿನೈದು. ಒಂಬತ್ತು.

ಅಕ್ಕ ಬಾಗಿಲ ಹತ್ತಿರ ತೆವಳಿ, ತಗಡಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದಳಂತೆ. "ನಿಮಗೆ ನೀರು ಬೇಕಿತ್ತೇನೋ... ತಗೊಳ್ಳಿ, ಬೇಡ ಅನ್ನಲ್ಲ. ಫ್ಯಾನಿಗಾದ್ರೂ ಒಂಚೂರು ಉಳಿಸಿ. ನಮಗೆ ಉಸಿರಾಡೋಕಾಗ್ತಿಲ್ಲ."

ಭಾವ ಅವಳ ಬಾಯಿ ಮುಚ್ಚೋಕೆ ಕೈ ಎತ್ತಿದರು.

ಪಂಪು ನಿಂತಿತು.

ಅಂಕಿ ಸೊನ್ನೆ. ಚಾರ್ಜ್ ಆರು ಪರ್ಸೆಂಟ್. ಭಾವ ಫ್ಯಾನಿನ ಪ್ಲಗ್ ಚುಚ್ಚಿದರು... ತಿರುಗಿತು. ಬಾಗಿಲು ಮುಟ್ಟೋ ಧೈರ್ಯ ಮಾತ್ರ ಇಬ್ಬರಿಗೂ ಬರಲಿಲ್ಲ. ಹೊರಗೆ ಹೊಸ ಸದ್ದು ಶುರುವಾಗಿತ್ತು. ಸರಕ್... ಸರಕ್... ಬಟ್ಟೆ ತಿಕ್ಕೋ ಸದ್ದು. ಆಮೇಲೆ ಕಲ್ಲಿಗೆ ಬಡಿಯೋದು. ಥಪ್... ಥಪ್... ಬೆಳಕು ಹರಿಯೋವರೆಗೂ ಇಬ್ಬರೂ ಕೈ ಕೈ ಹಿಡ್ಕೊಂಡು, ಮಿಸುಕದೆ ಕೂತಿದ್ದರು.

ಬೆಳಿಗ್ಗೆ ಬಾಗಿಲು ಬೆರಳಲ್ಲಿ ತಳ್ಳಿದರೆ ಜಾರಿತು. ಬಾವಿ ಕಡೆ ತಿರುಗಿ ನೋಡದೆ ಸೀದಾ ಪಟ್ಟಣಕ್ಕೆ ಬಂದು, ಮೊದಲು ಔಷಧಿ ಅಂಗಡೀಲಿ ಹೊಸ ಇನ್ಸುಲಿನ್ ತಗೊಂಡರು. ಪ್ರಯಾಣ ಅಲ್ಲಿಗೇ ಮುಗೀತು.

ನಗಬೇಡಿ. ನಾನು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೀನಿ, ಒಂದಕ್ಷರ ಆಚೀಚೆ ಇಲ್ಲ. ಬೆಳಿಗ್ಗೆ ಬಾವಿ ಹತ್ತಿರದಿಂದ ಹೊರಡೋವಾಗ ವ್ಯಾನಿನ ಹೊರಗಿನ ಕನ್ನಡಿಗೆ ಒಂದು ಬಿಳಿ ಅಂಗಿ ನೇತುಹಾಕಿತ್ತಂತೆ, ಭಾವನದ್ದಲ್ಲ. ಒಗೆದು ಹಿಂಡಿದ್ದು. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕತ್ತಿನ ತನಕ ಎಲ್ಲಾ ಗುಂಡಿ ಹಾಕಿತ್ತು.