ಹೇಮಾ ವಾಪಸ್ ಕೊಟ್ಟ ಬುಟ್ಟಿ

ಸಂಜೆ ಆನೆಗೊಂದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬಾಳೆನಾರಿನ ಬುಟ್ಟಿ ಹೆಣೆಯುವ ಇಬ್ಬರು ಹೆಂಗಸರು ಕುಳಿತಿದ್ದರು. ಕಿರಿಯವಳ ತೊಡೆಯ ಮೇಲೆ ಒಂದು ಬುಟ್ಟಿಯಿತ್ತು. ಅವಳೇ ಹಿರಿಯಾಕೆ ಉಡಚಕ್ಕನ ಜೊತೆ ಮಾತು ತೆಗೆದಳು.

"ಸೆಂಟರ್ ಮೇಡಂ ಹೆರಿಗಿಗೆ ಹೋಗೂಮುಂದ ಬೀಗದಕೈ ನನಗ ಕೊಟ್ರು, ಬುಟ್ಟಿ ನೋಡಿ ಪಾಸು ಫೇಲು ಮಾಡೋದು ಹೇಮಾಗ ಕೊಟ್ರು. ನಾನೇನು ವಾಚ್‌ಮನ್ನಾ, ಉಡಚಕ್ಕ?"

"ಹೊಟ್ಟಿ ಉರ್ಕೋಬ್ಯಾಡ, ಅನುಸೂಯಾ."

"ಉರೀತೈತಿ, ಏನ್ ಮಾಡ್ಲಿ? ಒಳಗ ಅಂಗೈ ಆಡಿಸು, ನಾರು ಚುಚ್ಚಿದ್ರ ಫೇಲು ಅಂತ ಆಕಿಗೆ ಕಲಿಸಿದಾಕಿ ನಾನು. ಇವತ್ತ ನನ್ನ ಬುಟ್ಟೀನ ವಾಪಸ್ ಕೊಟ್ಳು. ಎಲ್ಲಾರ ಮುಂದ, 'ಅಕ್ಕಾರ, ಬಿಚ್ಚಿ ಹೆಣೀರಿ' ಅಂತ. ರೀ ಅನ್ನೋದು ಬ್ಯಾರೆ!"

"ಹೋದ ವರ್ಷ ಆ ಕೆಲಸ ನಿನಗ ಕೊಟ್ಟಿದ್ರಲ್ಲ."

"ಕೊಟ್ಟಿದ್ರು."

"ಎಲ್ಲಾರದೂ ಪಾಸ್ ಮಾಡಿದಿ. ನಂದೂ ಮಾಡಿದಿ. ಅರ್ಧ ಮಾಲು ತಿರುಗಿ ಬಂತು."

"ನಿನಗ ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ."

"ಆಕಿಗೆ ಬಂತು ನೋಡು."

ಅನುಸೂಯಾ ಬುಟ್ಟಿಯೊಳಗೆ ಕೈಯಿಟ್ಟು ನಿಧಾನವಾಗಿ ಸುತ್ತಲೂ ಆಡಿಸಿದಳು. ಒಂದು ಕಡೆ ಕೈ ನಿಂತಿತು.

"ಚುಚ್ಚತೈತೇನು?"

"ಸ್ವಲ್ಪ."

"ನಾಳಿ ಕುಂತು ಬಿಚ್ಚಿಬಿಡು."

"ಇವತ್ತ ಮನ್ಯಾಗ ಬಿಚ್ಚತೀನಿ. ನಾ ಬಿಚ್ಚಿದ್ದು ಆಕಿಗೆ ಗೊತ್ತಾಗಬಾರದು."

"ಗೊತ್ತಾಗದಂಗ ಹೆಂಗ? ನಾಳಿ ಮತ್ತ ಈ ಬುಟ್ಟಿ ಪಾಸ್ ಮಾಡಾಕಿ ಆಕೀನ ಅಲ್ಲೇನು?"

ಗಂಗಾವತಿ ಬಸ್ಸು ಬಂದು ನಿಂತಿತು.

"ಸುಮ್ನ ಹತ್ತು ಬೇ," ಎಂದಳು ಅನುಸೂಯಾ. ಬುಟ್ಟಿಯನ್ನು ಸೆರಗಿನಿಂದ ಮುಚ್ಚಿಕೊಂಡು ತಾನೂ ಹತ್ತಿದಳು.