ಮಗ್ಗದ ಮೇಲಿನ ಸೀರೆ

ಬನಹಟ್ಟಿ ಕೋರ್ಟಿನ ಬೆಂಚಿನ ಮೇಲೆ ಒಂದೇ ಬುತ್ತಿಯ ರೊಟ್ಟಿ ತಿನ್ನುತ್ತಿದ್ದ ಇಬ್ಬರನ್ನು, ಪಕ್ಕದಲ್ಲಿ ಕೂತಿದ್ದ ಹೊಸ ವಕೀಲೆ ಹರ್ಷದಾ ತಾಯಿ-ಮಗನೆಂದೇ ತಿಳಿದಿದ್ದಳು.

“ಮುತ್ತಣ್ಣ, ಜಡ್ಜ್ ಸಾಹೇಬ್ರು ಕೇಳಿದ್ರ ಏನ ಹೇಳ್ಲೋ?”

“ಮಗನ ಲಗ್ನ ಐತಿ, ಮನಿ ನಮಗ ಬೇಕು, ಬಾಡಿಗಿದಾಂವನ್ನ ಬಿಡಸ್ರಿ ಅನ್ರಿ, ಕಾಕೂ.”

“ಬಾಡಿಗಿದಾಂವ ನೀನ ಅಲ್ಲೇನೋ!”

“ಖರೆ ಐತ್ರಿ. ನಾ ಹದಿನೈದು ದಿನ ವ್ಯಾಳ್ಯಾ ಕೇಳಾಂವ.”

“ಹನ್ನೆರಡು ವರ್ಷ ಇದ್ದೀ. ಇನ್ನೂ ಹದಿನೈದು ದಿನ ಯಾಕ?”

“ಮಗ್ಗದ ಮ್ಯಾಲ ಸೀರಿ ಅರ್ಧಾ ಆಗೇತ್ರಿ. ಈಗ ಮಗ್ಗ ಬಿಚ್ಚಿದ್ರ ಹಾಳಾಗತೈತಿ.”

“ಯಾರ ಸೀರಿ?”

“ನಿಮ್ಮ ಸೊಸಿದ್ರಿ. ಲಗ್ನಕ್ಕ ನಾ ಕೊಡೋ ಆಯೇರ.”

ಮುದುಕಿಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಒಳಗಿನಿಂದ ಇಬ್ಬರ ಹೆಸರನ್ನೂ ಕೂಗಿದರು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದಳು.

“ನಡಿ. ನೀ ಬಾಯಿ ತೆಗಿಬ್ಯಾಡ. ವ್ಯಾಳ್ಯಾ ನಾನ ಕೇಳ್ತೀನಿ.”