ಅಮ್ಮಾವ್ರ ನಿದ್ದೆಯ ಕಾವಲು

ಮನೋವೈದ್ಯರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದ ಅಕ್ಕತಂಗಿಯರ ಜಗಳ ಇದು. ತಂಗಿ ಒಂದು ಮನೆಯಲ್ಲಿ ಮನೆಗೆಲಸ ಮಾಡಿ, ಅಲ್ಲಿನ ಮಗುವನ್ನೂ ನೋಡಿಕೊಳ್ಳುವವಳು.

“ಮಾತ್ರೆ ಸರಿಯಾಗಿ ತಗೋತಿದೀಯೇನೇ?”

“ಶನಿವಾರ ರಾತ್ರಿ ತಗೋತೀನಿ. ಭಾನುವಾರ ಕೆಲಸ ಇಲ್ವಲ್ಲ.”

“ಮಿಕ್ಕ ದಿನ ಕಾಯಿಲೆಗೆ ರಜೆಯಾ?”

“ತಗೊಂಡ್ರೆ ಬೆಳಿಗ್ಗೆ ಏಳಕ್ಕಾಗಲ್ಲ ಅಕ್ಕ. ಆರಕ್ಕೆಲ್ಲ ಅಮ್ಮಾವ್ರ ಗೇಟಲ್ಲಿ ನಿಂತಿರ್ಬೇಕು. ಹಾಲಿನವನು ಬೆಲ್ ಒತ್ತಿದ್ರೆ ಅವರಿಗೆ ಎಚ್ಚರ ಆಗುತ್ತೆ.”

“ಎಚ್ಚರ ಆದ್ರೆ ಏನು ಮುಳುಗಿಹೋಗುತ್ತೆ?”

“ಅವರದೂ ಇದೇ ಮಾತ್ರೆ. ಚೆನ್ನಾಗಿ ನಿದ್ದೆ ಮಾಡಬೇಕು ಅಂತ ಡಾಕ್ಟ್ರು ಹೇಳಿದ್ದಾರಂತೆ.”

“ನಿಂಗೂ ಅದನ್ನೇ ಹೇಳಿದ್ರಲ್ಲೇ!”

“ಅಮ್ಮಾವ್ರು ತಮ್ಮ ಕಾಯಿಲೇನ ಬಂದವರಿಗೆಲ್ಲ ಹೇಳ್ಕೋತಾರೆ, ಎಲ್ಲರೂ ಎಂಥ ಧೈರ್ಯ ಅಂತಾರೆ. ನಾನು ಹೇಳ್ಕೊಂಡ್ರೆ, ಹುಚ್ಚಿ ಕೈಗೆ ಮಗು ಕೊಡ್ತಾರಾ?”

“ಹಾಳಾಗ್ಲಿ, ಆ ಕೆಲಸ ಬಿಡು.”

“ನೀನು ಸಾಕ್ತೀಯಾ?”

ಒಳಗಿನಿಂದ ನರ್ಸ್ ತಂಗಿಯನ್ನು ಕೂಗಿದಳು.

“ಡಾಕ್ಟ್ರು ಕೇಳಿದ್ರೆ ದಿನಾ ತಗೋತೀನಿ ಅಂತೀನಿ. ನೀನು ಬಾಯಿ ಬಿಡಬೇಡ.”

“ಬಿಡ್ತೀನಿ! ಇಲ್ದಿದ್ರೆ ಗುಣ ಆಗ್ಲಿಲ್ಲ ಅಂತ ಇನ್ನೊಂದು ಮಾತ್ರೆ ಸೇರಿಸ್ತಾರೆ. ಬೆಳಿಗ್ಗೆ ಎಂಟರವರೆಗೆ ಇವಳನ್ನ ಮಲಗೋಕೆ ಬಿಡಿ ಅಂತ ನಿಮ್ಮಮ್ಮಾವ್ರಿಗೇ ಡಾಕ್ಟ್ರ ಕೈಲಿ ಒಂದು ಚೀಟಿ ಬರೆಸ್ಕೊಂಡು ಬರ್ತೀನಿ.”

“ಕೆಲಸ ಹೋಗುತ್ತೆ ಅಕ್ಕಾ!”

ಅಕ್ಕ ಆಗಲೇ ಬಾಗಿಲು ತಳ್ಳಿದ್ದಳು. ತಂಗಿ ಅವಳ ಕೈ ಹಿಡಿದು ಹಿಂದಕ್ಕೆ ಜಗ್ಗುತ್ತಲೇ ಒಳಗೆ ಹೋದಳು.